ಉಂಗುರಕ್ಕೆ ಜೋಳದ ಹಿಟ್ಟಿನ ಪರೀಕ್ಷೆ

ಆ ಮಂಗಳವಾರ ಬೆಳಿಗ್ಗೆಯೂ ನಮ್ಮ ಮನೆ ಎಂದಿನಂತೆಯೇ ಎದ್ದಿತು. ಐದೂವರೆಗೆ ನಳ ಬಂತು, ಇಪ್ಪತ್ತು ನಿಮಿಷಕ್ಕೆ ಹೋಯಿತು. ನಮ್ಮ ಯಜಮಾನರು ಚಹಾ ಕುಡಿಯುತ್ತ ಪೇಪರಿನ ನಿಧನವಾರ್ತೆಗಳನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸ್ನಾನಕ್ಕೆ ಹೋದರು. ನಾನು ಒಲೆಯ ಮೇಲೆ ಹಂಚಿಟ್ಟು, ಪರಾತ ಮುಂದಿಟ್ಟುಕೊಂಡು ರೊಟ್ಟಿ ಬಡಿಯಲು ಶುರು ಮಾಡಿದೆ. ಬಸವಕಲ್ಯಾಣದ ನಮ್ಮ ಗಲ್ಲಿಯಲ್ಲಿ ಆ ಹೊತ್ತಿಗೆ ಪ್ರತಿ ಮನೆಯಿಂದಲೂ ಅದೇ ಸಪ್ಪಳ ಬರುತ್ತಿರುತ್ತದೆ. ಗೋಡೆಯಾಚೆಯ ಸಪ್ಪಳ ಕೇಳಿಯೇ ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ನಾನು ಹೇಳಬಲ್ಲೆ. ಆ ದಿನ ನನ್ನ ಸಪ್ಪಳದಲ್ಲಿ ಮಾತ್ರ ಒಂದು ಹೆಚ್ಚಿನ ಸ್ವರ ಸೇರಿತ್ತು. ಟಪ್ ಟಪ್ ಎನ್ನಬೇಕಾದ ಕಡೆ ಟಪ್ ಟಣ್, ಟಪ್ ಟಣ್. ಕಾರಣವೇನೆಂದರೆ, ಬೀರುವಿನ ಒಳಖಾನೆಯಲ್ಲಿ ಮಲಗಿದ್ದ ನನ್ನ ಎಂಗೇಜ್‌ಮೆಂಟ್ ಉಂಗುರವನ್ನು ಎಬ್ಬಿಸಿ ಬೆರಳಿಗೆ ಹಾಕಿಕೊಂಡಿದ್ದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಆ ಉಂಗುರವನ್ನು ನಾನು ಎಲ್ಲ ಸೇರಿಸಿ ಒಂದು ತಿಂಗಳು ಕೂಡ ಹಾಕಿಕೊಂಡವಳಲ್ಲ. ನಿಶ್ಚಯದ ದಿನ ಅದು ಬಹಳ ಚೆಂದ ಕಂಡಿತ್ತು. ನಡುವೆ ಒಂದು ಕೆಂಪು ಹರಳು, ಸುತ್ತ ಆರು ಬಿಳಿ ಹರಳು. ಒಂದೊಂದು ಹರಳನ್ನೂ ಹಿಡಿದುಕೊಂಡು ನಿಂತ ನಾಲ್ಕು ನಾಲ್ಕು ಬಂಗಾರದ ಉಗುರು. ಲೆಕ್ಕ ಹಾಕಿದರೆ ಇಪ್ಪತ್ತೆಂಟಾಗುತ್ತದೆ, ಈಗ ನೋಡಿದರೆ ಮದುವೆಯ ವರ್ಷಕ್ಕೊಂದು. ಗಂಡನ ಮನೆಗೆ ಬಂದ ಮೊದಲ ವಾರದಲ್ಲೇ ಆ ಉಗುರುಗಳು ಅತ್ತೆಯ ಸೀರೆಯ ಸೆರಗಿನಿಂದ ಒಂದು ಎಳೆ, ಮೈದುನನ ಸ್ವೆಟರಿನಿಂದ ಎರಡು ಎಳೆ ಕಿತ್ತುಕೊಂಡವು. ರೊಟ್ಟಿ ಬಡಿಯುವಾಗ ಹಿಟ್ಟು ಹರಳಿನ ಅಡಿಗೆ ಹೊಕ್ಕು, ಒಣಗಿ, ಕಲ್ಲಾಗಿ ಕೂತಿತು. ಹೊಸ ಸೊಸೆ ಮಧ್ಯಾಹ್ನವೆಲ್ಲ ಸೇಫ್ಟಿ ಪಿನ್ನು ಹಿಡಿದು ಉಂಗುರದ ಹಲ್ಲಿನ ಸಂದಿ ಕೆದಕುತ್ತ ಕೂತದ್ದನ್ನು ನೋಡಿ ಅತ್ತೆ, "ತಗದ ಇಡವ್ವಾ, ಯಾರದರ ಮದಿವ್ಯಾಗ ಹಾಕ್ಕೊಳ್ಳಾಕ ಆಗ್ತದ" ಎಂದರು. ತೆಗೆದಿಟ್ಟೆ. ಅಂದಿನಿಂದ ಅದು ನಮ್ಮ ಮನೆಯ ಬೀಗರ ತಟ್ಟೆಗಳ ಜಾತಿಗೆ ಸೇರಿಹೋಯಿತು. ಬೇರೆಯವರ ಮದುವೆ ಬಂದಾಗ ಮಾತ್ರ ಹೊರಗೆ ಬರುತ್ತದೆ, ಬಂದಾಗಲೆಲ್ಲ ನನ್ನ ಬೆರಳು ಹಿಂದಿನ ಸಲಕ್ಕಿಂತ ದಪ್ಪವಾಗಿದೆ ಎಂದು ಎಲ್ಲರೆದುರು ಹೇಳಿ ಒಳಗೆ ಹೋಗುತ್ತದೆ.

ದಿನವೂ ಹಾಕಿಕೊಂಡು ಸುಖವಾಗಿದ್ದ ಒಂದೇ ಒಂದು ಉಂಗುರವನ್ನು ನಾನು ಜೀವನದಲ್ಲಿ ನೋಡಿದ್ದೇನೆ. ಅದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಒಬ್ಬರ ಬೆರಳಿನಲ್ಲಿತ್ತು. ಹರಳಿಲ್ಲ, ಹೂವಿಲ್ಲ, ಬರೀ ಒಂದು ಸಪಾಟು ಬೆಳ್ಳಿಯ ಪಟ್ಟಿ. ಅದನ್ನು ಹಾಕಿಕೊಂಡೇ ಅವರು ನಮ್ಮ ನೋಟ್‌ಬುಕ್ ತಿದ್ದುತ್ತಿದ್ದರು, ಗಿಡಗಳಿಗೆ ಮಣ್ಣು ಏರಿಸುತ್ತಿದ್ದರು, ಥ್ರೋಬಾಲ್ ಆಡುತ್ತಿದ್ದರು, ಪ್ರತಿ ಬೆಳಿಗ್ಗೆ ನಮ್ಮ ಉಗುರು ಪರೀಕ್ಷಿಸಿ ಕೊಳೆ ಕಂಡಲ್ಲಿ ಅದೇ ಬೆರಳಿನಿಂದ ಮೃದುವಾಗಿ ಕುಟ್ಟುತ್ತಿದ್ದರು. ಎಲ್ಲಿಯೂ ಸಿಕ್ಕಿಹಾಕಿಕೊಂಡದ್ದನ್ನು ನಾನು ಕಾಣೆ. ಗಂಡನಿಲ್ಲದ, ಅತ್ತೆಯಿಲ್ಲದ, ಹಂಚಿನ ಮುಂದೆ ನಿಲ್ಲದ ಹೆಂಗಸಿಗೆ ಮಾತ್ರ ಇಷ್ಟು ಒಳ್ಳೆಯ ಉಂಗುರ ಸಿಗುತ್ತದೆಯೇ ಎಂದು ಮದುವೆಯಾದ ಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಿಸ್ಟರ್ ಕ್ಷಮಿಸಲಿ.

ಹೀಗಾಗಿ ನಮ್ಮ ಮಗ ಸಂತೋಷನಿಗೆ ಹುಮನಾಬಾದಿನ ಹುಡುಗಿ ಗೊತ್ತಾದಾಗ ನಾನು ಮನಸ್ಸಿನಲ್ಲೇ ಒಂದು ಶಪಥ ಮಾಡಿದೆ. ನನ್ನ ಸೊಸೆಯ ಉಂಗುರ ಬೀರು ಸೇರಬಾರದು. ಅವಳು ಅದನ್ನು ದಿನವೂ, ಎಲ್ಲ ಕೆಲಸದಲ್ಲೂ, ಬೆರಳಲ್ಲಿದೆ ಎಂಬುದೇ ಮರೆತುಹೋಗುವ ಹಾಗೆ ಹಾಕಿಕೊಂಡಿರಬೇಕು. ಸಂತೋಷನಿಗೆ ಆಟೋನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿಯಿದೆ. ಅವನನ್ನು ಕೇಳಿದರೆ, "ಮಮ್ಮಿ, ಸೈಜ್ ಹದಿನಾರೂವರೆ ಎಂಎಂ. ನಾ ಅಳದೀನಿ" ಎಂದ. ಯಾವಾಗ ಅಳೆದೆ ಎಂದು ನಾನು ಕೇಳಲಿಲ್ಲ, ಬೇರಿಂಗ್ ಅಳೆಯುವ ಸಾಮಾನಿನಿಂದಲೇ ಅಳೆದಿರಬೇಕೆಂಬುದು ಮಾತ್ರ ಖಚಿತ. ಸೆಟ್ಟಿಂಗ್, ಅಂದರೆ ಹರಳು ಕೂರಿಸುವ ರೀತಿ, ಹೇಗಿರಬೇಕು ಎಂದರೆ ಮೊಬೈಲು ತೆಗೆದು, ಗಗನಕ್ಕೆ ಚಾಚಿದ ನಾಲ್ಕು ಕಾಲುಗಳ ತುದಿಯಲ್ಲಿ ಹರಳೊಂದು ನೀರಿನ ಟಾಕಿಯಂತೆ ಕೂತಿದ್ದ ಉಂಗುರ ತೋರಿಸಿದ. ಯಜಮಾನರನ್ನು ಕೇಳಿದೆ. "ಉಂಗುರ ಅಂದ್ರ ಉಂಗುರ" ಎಂದು ಅವರು ಪೇಪರಿಗೆ ಮರಳಿದರು. ಅಲ್ಲಿಗೆ ಭಾರವೆಲ್ಲ ನನ್ನ ಮೇಲೆ ಬಿತ್ತು, ಬೀಳಲಿ ಎಂದೇ ನಾನು ಕಾದಿದ್ದೆ.

ಹುಡುಗಿಯ ಹೆಸರು ಅಂಬಿಕಾ. ಬೇಮಳಖೇಡದ ದನದ ದವಾಖಾನೆಯಲ್ಲಿ ಡಾಕ್ಟರು. ಹುಮನಾಬಾದಿನಿಂದ ದಿನವೂ ಹೋಗಿಬರುತ್ತಾಳೆ. ದನದ ಡಾಕ್ಟರೆಂದರೆ ಬಿಳಿ ಕೋಟು ಹಾಕಿಕೊಂಡು, ಮೇಜಿನ ಹಿಂದೆ ಕೂತು, ಸಾಲಾಗಿ ನಿಂತ ಎಮ್ಮೆಗಳಿಗೆ ಒಂದೊಂದಾಗಿ ಚೀಟಿ ಬರೆದುಕೊಡುವವರು ಎಂದು ನನ್ನ ಕಲ್ಪನೆಯಿತ್ತು. ಚೀಟಿ ಬರೆಯಲು ಯಾವ ಉಂಗುರವಾದರೂ ನಡೆಯುತ್ತದೆ. ತೊಂದರೆ ಇರುವುದು ಮನೆಗೆಲಸದಲ್ಲಿ, ಅದರಲ್ಲೂ ರೊಟ್ಟಿಯಲ್ಲಿ. ಆದ್ದರಿಂದ ಸೋಮವಾರ ಮಧ್ಯಾಹ್ನ ಹುಡುಗಿಯ ತಾಯಿ ಶಾಂತಾಬಾಯಿಯವರಿಗೆ ಫೋನು ಮಾಡಿ, ಕಾನ್ವೆಂಟಿನಲ್ಲಿ ಕಲಿಸಿದಂತೆ ಮೊದಲು ಕ್ಷೇಮ ಸಮಾಚಾರ, ಆಮೇಲೆ ದಯವಿಟ್ಟು, ಆಮೇಲೆ ವಿಷಯ ಎಂಬ ಕ್ರಮದಲ್ಲಿ, "ಅಂಬಿಕಾ ಯಾವ ಕೈಲೆ ರೊಟ್ಟಿ ಬಡಿತಾಳ್ರಿ?" ಎಂದು ಕೇಳಿದೆ.

ಆ ಕಡೆಯಿಂದ ಅವರು, "ರೊಟ್ಟಿ ಏನ್ರಿ? ಹಾಂ, ಬಡಿತಾಳ್ರಿ, ಬಡಿತಾಳ. ಎರಡೂ ಕೈಲೆ ಬಡಿತಾಳ್ರಿ" ಎಂದರು. ಎರಡೂ ಕೈಯಲ್ಲಿ ತಬಲಾ ಬಡಿಯುವವರನ್ನು ನಾನು ನೋಡಿದ್ದೇನೆ, ರೊಟ್ಟಿ ಬಡಿಯುವವರನ್ನು ನೋಡಿಲ್ಲ. ಹುಮನಾಬಾದಿನ ಕಡೆ ಪದ್ಧತಿ ಬೇರೆ ಇರಬಹುದೆಂದು ಸುಮ್ಮನಾದೆ. ಇಂಥ ಪ್ರಶ್ನೆಯನ್ನು ಗಂಡಿನ ತಾಯಿ ಕೇಳಿದರೆ ಹೆಣ್ಣಿನ ತಾಯಿಯ ಎದೆಯಲ್ಲಿ ಏನಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಬರಲಿಲ್ಲ. ನಾನು ಉಂಗುರದ ಬಗ್ಗೆ ಕೇಳಿದ್ದೆ. ಅವರು ಕೇಳಿಸಿಕೊಂಡದ್ದು, ಸೊಸೆಯಿಂದ ದಿನಕ್ಕೆಷ್ಟು ರೊಟ್ಟಿ ಬಡಿಸಬೇಕೆಂದು ಈ ಹೆಂಗಸು ಈಗಲೇ ಎಣಿಸುತ್ತಿದ್ದಾಳೆ ಎಂದು.

ನಿಶ್ಚಯಕ್ಕೆ ಮೂರು ವಾರವಿತ್ತು. ಹುಮನಾಬಾದಿನಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರು ಆ ಮಂಗಳವಾರವೇ ಆರ್ಡರು ಕೊಟ್ಟರೆ ಮಾತ್ರ ಮಾಡಿಕೊಡುವುದಾಗಿ ಹೇಳಿದ್ದರು. ಬೆಳಗಿನ ನನ್ನ ಟಪ್ ಟಣ್ ಪ್ರಯೋಗದಿಂದ ಹೊಸದೇನೂ ತಿಳಿಯಲಿಲ್ಲ, ಹಿಟ್ಟು ಇಪ್ಪತ್ತೆಂಟು ವರ್ಷದ ಹಿಂದೆ ಹೊಕ್ಕಲ್ಲೇ ಮತ್ತೆ ಹೊಕ್ಕಿತು ಅಷ್ಟೆ. ಆಗ ನನಗೊಂದು ವಿಚಾರ ಹೊಳೆಯಿತು. ಚಪ್ಪಲಿ ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಉಂಗುರವನ್ನು ಮಾತ್ರ ಕೈ ಚಾಚಿ, ಬೆರಳು ಅಗಲಿಸಿ, ದೀಪದ ಕೆಳಗೆ ಅತ್ತಿತ್ತ ತಿರುಗಿಸಿ ಕೊಳ್ಳುತ್ತೇವೆ. ಜೀವನದಲ್ಲಿ ಆ ಭಂಗಿಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ? ಹನ್ನೆರಡನೆಯ ರೊಟ್ಟಿಯ ಹಿಟ್ಟನ್ನು ಬಡಿಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದೆ. ಒಂದು ಅಗಲ ತಾಟು, ಹಿಡಿಯಷ್ಟು ಒಣ ಹಿಟ್ಟು, ಕೈ ಒರೆಸುವ ಬಟ್ಟೆ ಚೀಲಕ್ಕೆ ಸೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟೆ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟ್ ಪಡೆದು ಕೂತೆ. ಪಕ್ಕದಲ್ಲಿ ಗೋರ್ಟಾದ ಒಬ್ಬ ಅಜ್ಜಿ. ಬಸ್ಸು ಬಂಗ್ಲಾ ಕ್ರಾಸ್ ದಾಟುವ ಮೊದಲೇ ನಾನು ಎರಡು ಸಲ ಡಬ್ಬಿ ತೆಗೆದು ಹಿಟ್ಟಿಗೆ ನೀರು ಚಿಮುಕಿಸಿದ್ದನ್ನು ಅವಳು ನೋಡಿದಳು.

"ಏನವ್ವಾ ಅದು?"

"ಹಿಟ್ಟಜ್ಜಿ. ಜ್ವಾಳದ್ದು."

"ಯಾರಿಗಿ ಒಯ್ಯಾಕತ್ತಿ?"

"ಉಂಗುರಕ್ಕ."

ಅಜ್ಜಿ ನನ್ನನ್ನು ಒಂದು ಕ್ಷಣ ನೋಡಿ, ರಾಜೇಶ್ವರದಲ್ಲಿ ಸೀಟು ಖಾಲಿಯಾದೊಡನೆ ಎದ್ದು ಹೋಗಿ ಡ್ರೈವರನ ಹಿಂದೆ ಕೂತುಬಿಟ್ಟಳು.

ಮಾನಪ್ಪ ಪತ್ತಾರರ ಅಂಗಡಿ ಹುಮನಾಬಾದಿನ ಹಳೆ ಬಜಾರದ ಓಣಿಯಲ್ಲಿದೆ. ಬಿಳಿ ಗಾದಿ, ಮೂಲೆಯಲ್ಲಿ ಊದುಕೊಳವೆ, ಎದುರಿಗೆ ಕೆಂಪು ಅಂಕಿಗಳ ಕರೆಂಟಿನ ತಕ್ಕಡಿ. ಶಾಂತಾಬಾಯಿಯವರ ಮನೆಯ ಮೂರು ತಲೆಮಾರಿನ ಬಂಗಾರ ಅವರ ಕೈಯಲ್ಲೇ ಆದದ್ದು, ಹಾಗಾಗಿ ಎಲ್ಲರೂ ಅವರಿಗೆ ಕಾಕಾ ಎನ್ನುತ್ತಾರೆ. ಶಾಂತಾಬಾಯಿ ಆಗಲೇ ಬಂದು ಕೂತಿದ್ದರು, ಹುಡುಗಿ ಇನ್ನೂ ಬಂದಿರಲಿಲ್ಲ. ಕಾಕಾ ಗಾಜಿನ ಹರಳಿನ ನಮೂನೆ ಉಂಗುರಗಳ ಪೆಟ್ಟಿಗೆ ತೆರೆದರು. ನಾನು ನನ್ನ ಡಬ್ಬಿ ತೆರೆದೆ. ಕಾಕಾ ಕನ್ನಡಕ ಹಣೆಗೇರಿಸಿ ಹಿಟ್ಟಿನ ಮುದ್ದೆಯನ್ನು ನೋಡಿದರು.

"ಬಾಯಾರ, ಇದು ಬಂಗಾರದ ಅಂಗಡಿರಿ. ಖಾನಾವಳಿ ಆಚಿ ಓಣ್ಯಾಗ ಅದ."

ನಾನು ಬಹಳ ವಿನಯದಿಂದ ನನ್ನ ಚಪ್ಪಲಿಯ ಸಿದ್ಧಾಂತವನ್ನು ವಿವರಿಸಿದೆ. ಕಾಕಾ ಶಾಂತಾಬಾಯಿಯವರ ಮುಖ ನೋಡಿದರು. ಬೀಗತಿಯ ಮಾತಿಗೆ ಇಲ್ಲವೆನ್ನುವ ಧೈರ್ಯ ಆ ಮುಖದಲ್ಲಿರಲಿಲ್ಲ. "ನಮೂನಿನಽ ಅವ, ಹೋಗ್ಲಿ. ಅಂಟವಾಳದ ನೀರಾಗ ತೊಳಕೊಂಡ್ರ ಆಯ್ತು" ಎಂದು ಕಾಕಾ ಗಾದಿಯ ಮೇಲೆ ಹಳೆಯ ಪೇಪರು ಹಾಸಿದರು. ಹಿಟ್ಟು ಪ್ರಯಾಣದಲ್ಲಿ ಬಿರುಕು ಬಿಟ್ಟಿತ್ತು. ಅವರ ಕುಡಿಯುವ ನೀರಿನ ತಂಬಿಗೆಯಿಂದ ಎರಡು ಗುಟುಕು ಬೇಡಿ ನಾದಿದೆ. ಮೊದಲು ಮಗ ಮೆಚ್ಚಿದ ನೀರಿನ ಟಾಕಿ ಉಂಗುರವನ್ನು ಕಿರುಬೆರಳಿಗೆ ಹಾಕಿಕೊಂಡೆ, ಬೇರೆ ಬೆರಳಿಗೆ ಅದು ಬರುವಂತಿರಲಿಲ್ಲ. ಬಡಿಯತೊಡಗಿದೆ. ಒಂದೊಂದು ಪೆಟ್ಟಿಗೂ ಪಕ್ಕದ ತಕ್ಕಡಿ ಹೌಹಾರಿ, ಮೇಲೆ ಏನೂ ಇಲ್ಲದಿದ್ದರೂ ಸೊನ್ನೆ ಬಿಟ್ಟು ಏನೇನೋ ತೂಕ ತೋರಿಸಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಐದೇ ಪೆಟ್ಟಿಗೆ ಹರಳಿನ ಅಡಿ ಹಿಟ್ಟು ತುಂಬಿತು. ಶಾಂತಾಬಾಯಿ ಮೆಚ್ಚಿದ್ದ ಏಳು ಹರಳಿನ ಹೂವಿನ ಕಥೆಯೂ ಅದೇ. ಅದರ ಮುಖವೇ ಮುಚ್ಚಿಹೋಗಿ ಸೀತಾಫಲದಂತೆ ಕಂಡಿತು.

ಅಷ್ಟರಲ್ಲಿ ಹೊರಗೆ ಸ್ಕೂಟಿ ನಿಂತಿತು. ಅಂಬಿಕಾ ಹೆಲ್ಮೆಟ್ ಕಳಚಿ ಒಳಗೆ ಬಂದು ನನ್ನ ಕಾಲು ಮುಟ್ಟಿದಳು. ಡೆಟಾಲಿನ ವಾಸನೆ, ಅದರ ಹಿಂದೆ ಸಣ್ಣಗೆ ಹಸಿ ಮೇವಿನ ವಾಸನೆ. ಜಡೆಯಲ್ಲಿ ಮೇವಿನ ಕಣಿಕೆಯ ಒಂದು ಸಿಬಿರು ಸಿಕ್ಕಿತ್ತು. ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿದ್ದಳು, ಒಳಗೆ ಒಂದು ಚುಕ್ಕೆ ಕೊಳೆಯಿಲ್ಲ. ನಮ್ಮ ಸಿಸ್ಟರ್ ಇದ್ದಿದ್ದರೆ ಇಡೀ ತರಗತಿಗೆ ಆ ಕೈ ತೋರಿಸುತ್ತಿದ್ದರು.

"ತಡ ಆಯ್ತ್ರಿ ಆಂಟಿ. ಒಂದ ಎಮ್ಮಿ..."

"ಎಮ್ಮಿ ಮಾತ ಈಗ ಯಾಕವಾ" ಎಂದು ಶಾಂತಾಬಾಯಿ ನಗುತ್ತಲೇ ಮಗಳ ಜಡೆಯಿಂದ ಸಿಬಿರು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡರು. ನಾನು ನೋಡದವಳಂತೆ ತಾಟನ್ನು ಹುಡುಗಿಯ ಮುಂದೆ ಸರಿಸಿದೆ. ನನ್ನ ಕೈಯ ಪರೀಕ್ಷೆ ಸಾಲದು, ಹಾಕಿಕೊಳ್ಳುವವರು ಬಡಿದು ನೋಡಬೇಕಲ್ಲ.

"ಇವತ್ತ ಬ್ಯಾಡ್ರಿ, ಗಾಡಿ ಹೊಡದ ಕೈ ನೊಂದಿರ್ತಾವ" ಎಂದರು ಶಾಂತಾಬಾಯಿ. ಅಂಬಿಕಾ ಆಗಲೇ ತೋಳು ಏರಿಸಿ ಕೂತಿದ್ದಳು. ಕೈ ಇಟ್ಟಳು. ರೊಟ್ಟಿ ಬಡಿಯುವ ಕೈಗೆ ಒಂದು ಓಟವಿರುತ್ತದೆ, ಅಂಚು ಒತ್ತುತ್ತ ತಿರುಗಿಸುತ್ತ ಹೋಗುತ್ತದೆ. ಈ ಕೈ ಹಾಗಿರಲಿಲ್ಲ. ದಪ್ಪಗೆ, ನಿಧಾನಕ್ಕೆ, ಪ್ರೀತಿಯಿಂದ, ಹೆದರಿದ ಯಾರನ್ನೋ ಸಮಾಧಾನ ಮಾಡುವಂತೆ ತಟ್ಟುತ್ತಿತ್ತು. ಹಿಟ್ಟು ಸಮಾಧಾನವಾಗಿ ಇದ್ದಲ್ಲೇ ಇತ್ತು. ಒಂದು ಅಂಚು ಮಾತ್ರ ಸೀಳಿ ನದಿಯಂತೆ ಹರಿಯಿತು. ಅಂಬಿಕಾ ಕೈ ನಿಲ್ಲಿಸಿದಳು.

"ಆಂಟಿ, ಸುಳ್ಳ ಯಾಕ ಹೇಳ್ಲಿ. ನನಗ ರೊಟ್ಟಿ ಬರಂಗಿಲ್ರಿ. ನಿಮ್ಮ ಫೋನ್ ಬಂದಾಗಿಂದ ಅವ್ವ ಕಲಿಸಾಕತ್ತಾಳ. ಒಂದ ದಿನದಾಗ ಇಷ್ಟಽ ಬಂದದ."

"ಅದಕ್ಕೇನಾಯ್ತವ್ವಾ" ಎಂದೆ. ನಿಜಕ್ಕೂ ನನಗೆ ರೊಟ್ಟಿಯ ಚಿಂತೆ ಇರಲಿಲ್ಲ, ಚಿಂತೆ ಉಂಗುರದ್ದು. "ಹಂಗಾದ್ರ ದಿನಾ ನಿನ್ನ ಕೈ ಏನೇನ್ ಮಾಡ್ತಾವ ಹೇಳು. ಅದಕ್ಕ ತಕ್ಕಂಗ ಸೆಟ್ಟಿಂಗ್ ನೋಡೂಣು."

"ಬಲಗೈ ಬೀಜ ಹಾಕೋ ನಳಿಗಿ ಹಿಡಿತದ್ರಿ. ಎಡಗೈ ಎಮ್ಮಿ ಒಳಗ ಇರ್ತದ."

"ಒಳಗ ಅಂದ್ರ?"

"ಹಿಂದಿಂದ್ರಿ. ಮೊಳಕೈ ದಾಟಿ. ಗಬ್ಬ ಅದನೋ ಇಲ್ಲೋ ನೋಡಬೇಕಲ್ರಿ."

ಕಾಕಾನ ಕೈಯಿಂದ ಚಿಮಟ ಜಾರಿ ಗಾದಿಯ ಮೇಲೆ ಬಿತ್ತು. ಶಾಂತಾಬಾಯಿ ಸೆರಗು ಸರಿಮಾಡಿಕೊಂಡು, "ದಿನಾ ಇಲ್ರಿ ಅದು. ಹಬ್ಬಕ್ಕೊಮ್ಮಿ" ಎಂದರು.

"ನಿನ್ನಿ ಏಳ ಎಮ್ಮಿ ಅವ್ವಾ" ಎಂದಳು ಅಂಬಿಕಾ.

ಈಗ ನಾನು ಬರೆಯಲಿರುವ ವಾಕ್ಯವನ್ನು ಬಿಟ್ಟುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿದ್ದ ಮೂರು ಜನರಿಗೆ ತಿಳಿದುಹೋಗಿದೆ. ನನ್ನ ಕೈ, ನನ್ನನ್ನು ಕೇಳದೆ, ಹಿಟ್ಟಿನ ತಾಟನ್ನು ಎರಡು ಬೆರಳಿನಷ್ಟು ನನ್ನ ಕಡೆಗೆ ಎಳೆದುಕೊಂಡಿತು. ಎರಡೇ ಬೆರಳು. ಅಷ್ಟಕ್ಕೇ ತಕ್ಕಡಿ ಕೂಡ ಒಮ್ಮೆ ಮಿಣುಕಿತು. ಅಂಬಿಕಾ ನೋಡಿದಳು. ಅವಳು ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಹಿಂದ ಒಂದ ಸಂಬಂಧ ಇದಕ್ಕಽ ಮುರದದ್ರಿ ಆಂಟಿ. 'ಆ ಕೈಲೆ ನಮಗ ಊಟಕ್ಕ ನೀಡ್ತಿಯೇನು' ಅಂತ ಹುಡುಗನ ತಾಯಿ ಕೇಳಿದ್ರು. ಅದಕ್ಕಽ ಅವ್ವ ಯಾರ ಮುಂದೂ ಹೇಳಬ್ಯಾಡ ಅಂತಾಳ. ನೀವೂ ಕೇಳೋದಿದ್ರ ಇಲ್ಲೇ ಕೇಳ್ಬಿಡ್ರಿ. ಉಂಗುರದ ಆರ್ಡರ್ ಇನ್ನಾ ಕೊಟ್ಟಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಮ್ಮೆಗೆ ಗಬ್ಬ ನಿಂತಿಲ್ಲವೆಂದು ರೈತನಿಗೆ ಹೇಳುವ ದನಿ ಹಾಗೆಯೇ ಇರಬೇಕು. ಶಾಂತಾಬಾಯಿ ತಮ್ಮ ಮುಷ್ಟಿಯಲ್ಲಿದ್ದ ಸಿಬಿರನ್ನು ಮುರಿಯುತ್ತ ನೆಲ ನೋಡುತ್ತಿದ್ದರು. ನನಗೆ ಮೋರಖಂಡಿಯ ನಮ್ಮ ಅಜ್ಜಿಯ ನೆನಪಾಯಿತು. ಬೆಳಿಗ್ಗೆ ಹಿತ್ತಲ ಗೋಡೆಗೆ ಸಗಣಿಯ ಕುಳ್ಳು ತಟ್ಟಿ, ಕೈ ತೊಳೆದುಕೊಂಡು, ಅದೇ ಅಂಗೈ, ಅದೇ ಓಟ, ಅದೇ ಟಪ್ ಟಪ್‌ನಲ್ಲಿ ನಮಗೆ ರೊಟ್ಟಿ ಬಡಿಯುತ್ತಿದ್ದಳು. ಕುಳ್ಳಿನ ಮೇಲಿದ್ದ ಐದು ಬೆರಳ ಗುರುತೇ ರೊಟ್ಟಿಯ ಮೇಲೂ ಇರುತ್ತಿತ್ತು. ಆ ರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿಂದು, ಕಾನ್ವೆಂಟಿಗೆ ಹೋಗಿ, ಸ್ವಚ್ಛತೆಯ ಮೇಲೆ ಪ್ರಬಂಧ ಬರೆದು ಬಹುಮಾನ ತಂದವಳು ನಾನು. ಈಗ ತಾಟನ್ನು ಎರಡು ಬೆರಳು ಹಿಂದಕ್ಕೆ ಎಳೆಯುತ್ತಿದ್ದೇನೆ.

ತಾಟನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳಿದೆ. ಎರಡು ಎಳೆದದ್ದಕ್ಕೆ, ಎರಡು ದಂಡ.

"ಕೇಳೋದು ಒಂದಽ ಅದವ್ವಾ," ಎಂದೆ, "ಉಂಗುರ ಯಾವ ಕೈಗಿ ಹಾಕ್ಕೋತಿ? ಅಯ್ಯನೋರು ಬಲಗೈ ಅಂತಾರ, ಫೋಟೋದಾವ ಎಡಗೈ ಅಂತಾನ."

ಶಾಂತಾಬಾಯಿ ತಲೆಯೆತ್ತಿದರು. ಅಂಬಿಕಾ ನನ್ನನ್ನೇ ನೋಡಿದಳು, ಆಮೇಲೆ ತಾಟು ನೋಡಿದಳು, ಆಮೇಲೆ ನಕ್ಕಳು. "ಉಂಗುರ ತಗದ ಇಡ್ತೀನ್ರಿ ಅತ್ತಿ. ಕೆಲಸದ ಹೊತ್ತಿಗೆ ತಗೀಬೇಕಂತ ನಮಗ ಕಾಲೇಜಿನಾಗಽ ಕಲಿಸ್ಯಾರ."

ಆಂಟಿ ಹೋಗಿ ಅತ್ತಿ ಬಂದದ್ದಕ್ಕೆ ನನ್ನ ಕಣ್ಣು ಹನಿಗೂಡಿತು. ಆ ಭರದಲ್ಲಿ ವಾಕ್ಯದ ಉಳಿದ ಭಾಗವನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ತೆಗೆದಿಟ್ಟ ಉಂಗುರ ಹೇಗೆ ಬೀರು ಸೇರುತ್ತದೆ, ಬೀರು ಸೇರಿದ ಉಂಗುರ ಹೇಗೆ ಬೆರಳನ್ನು ಮರೆಯುತ್ತದೆ ಎಂಬುದರ ಮೇಲೆ ದೊಡ್ಡ ಉಪದೇಶ ಮಾಡಿ, "ತಗದಽ ಇಡಬಾರದು. ಎಮ್ಮಿಗೂ ಹೊಂದಬೇಕು, ಅಂಥಾ ಸೆಟ್ಟಿಂಗ್ ಕೊಡ್ರಿ ಕಾಕಾ" ಎಂದುಬಿಟ್ಟೆ.

ಕಾಕಾ ಐವತ್ತು ವರ್ಷದ ಕಸುಬಿನಲ್ಲಿ ಇಂಥ ಬೇಡಿಕೆ ಕೇಳಿರಲಿಲ್ಲವಂತೆ. ಆದರೆ ಕಸುಬುದಾರರಿಗೆ ಒಂದು ಹಟವಿರುತ್ತದೆ. ಅವರು ಪೆಟ್ಟಿಗೆಯ ತಳದಿಂದ ಇನ್ನೂ ನಾಲ್ಕು ನಮೂನೆ ತೆಗೆದರು. ಅಂಬಿಕಾ ತನ್ನ ಚೀಲದಿಂದ ಹೊಸದೊಂದು ಪಾಕೀಟು ಒಡೆದು, ಮಡಚಿದ್ದ ಪ್ಲಾಸ್ಟಿಕ್ ಕೈಗವಸು ಬಿಡಿಸಿದಳು. ಅದು ಬಿಚ್ಚಿಕೊಳ್ಳುತ್ತ ಹೋಯಿತು, ಹೋಯಿತು, ಕೊನೆಗೆ ಭುಜದವರೆಗೆ ಬಂತು. ಝುಮುಕಿ ನೋಡಲು ಬಂದಿದ್ದ ತಾಯಿ ಮಗಳಿಬ್ಬರು ಬಾಗಿಲಲ್ಲೇ ನಿಂತು, ಒಳಗೆ ಹಿಟ್ಟಿನ ತಾಟನ್ನೂ ಭುಜದ ತನಕ ಪ್ಲಾಸ್ಟಿಕ್ ತೊಟ್ಟ ಹುಡುಗಿಯನ್ನೂ ನೋಡಿ, ಮರುದಿನ ಬರುವುದಾಗಿ ಹೇಳಿ ಹೋದರು. ಉಗುರುಗಳಿದ್ದ ಉಂಗುರದ ಮೇಲೆ ಕೈಗವಸು ತೊಟ್ಟು ಮುಷ್ಟಿ ಬಿಗಿದೊಡನೆ ಪರ್ ಎಂದು ಹರಿಯಿತು. ಹರಳಿನ ಸುತ್ತ ಎತ್ತರದ ಅಂಚು ಕಟ್ಟಿದ್ದೊಂದನ್ನು ನೋಡಿದೆವು. ಹರಿಯಲಿಲ್ಲ, ಆದರೆ ಅಂಬಿಕಾ ತಲೆಯಾಡಿಸಿ, "ಇದು ಎಮ್ಮಿಗಿ ಚುಚ್ಚತದ" ಎಂದಳು. ನಾನು ಅದುವರೆಗೆ ಎಮ್ಮೆಯ ಸುಖದ ಬಗ್ಗೆ ಯೋಚಿಸಿರಲಿಲ್ಲ, ತಕ್ಷಣ ಒಪ್ಪಿಕೊಂಡೆ.

ಗೆದ್ದದ್ದು ಒಂದು ಅಗಲ ಪಟ್ಟಿ. ಹರಳನ್ನು ಮೇಲೆ ಕೂರಿಸದೆ ಬಂಗಾರದ ಒಳಗೇ ಇಳಿಸಿ, ಸುತ್ತಲಿನ ಬಂಗಾರವನ್ನೇ ಅದರ ಅಂಚಿಗೆ ಒತ್ತಿ ಕೂರಿಸಿದ್ದರು. ಬೆರಳಿನಿಂದ ಸವರಿದರೆ ಹರಳು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಅಡಿ ಬಂದ್, ಹಿಟ್ಟಿಗೆ ದಾರಿಯಿಲ್ಲ. ಒಳಮೈಯನ್ನು ದುಂಡಗೆ ತೀಡಿದ್ದರಿಂದ ಬೆರಳು ಮಡಚಿದರೂ ಒತ್ತುವುದಿಲ್ಲ. ಅಂಬಿಕಾ ಅದನ್ನು ಬಲಗೈಗೆ ಹಾಕಿ ಹಿಟ್ಟು ಸಮಾಧಾನ ಮಾಡಿದಳು, ಎಡಗೈಗೆ ಹಾಕಿ ಕೈಗವಸು ತೊಟ್ಟು ಗಾಳಿಯಲ್ಲಿಯೇ ಒಂದು ಕಾಣದ ಎಮ್ಮೆಯನ್ನು ಮೊಳಕೈವರೆಗೆ ಪರೀಕ್ಷಿಸಿದಳು. ಶಾಂತಾಬಾಯಿ ಮೊದಲು ಕಣ್ಣು ಮುಚ್ಚಿದರು, ಆಮೇಲೆ ಒಂದು ಕಣ್ಣು ತೆರೆದರು, ಕೊನೆಗೆ, "ಇನ್ನಾ ಜರಾ ಕೆಳಗ ಇರ್ತದ ಅಲಾ ಗರ್ಭಕೋಶ?" ಎಂದು ಕೇಳಿ ನಮ್ಮೆಲ್ಲರನ್ನೂ ಬೆರಗುಗೊಳಿಸಿದರು. ಮಗಳ ಕೆಲಸ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

"ಅಳತಿ ಬರೋಬ್ಬರಿ ಇರಬೇಕ್ರಿ," ಎಂದರು ಕಾಕಾ, "ಸಡ್ಲಾಗಿ ಒಳಗ ಉಳದ್ರ ನಾ ಜವಾಬ್ದಾರ ಅಲ್ಲ."

"ಉಳಿಯಂಗಿಲ್ಲ ಕಾಕಾ. ಮರುದಿವ್ಸ ಹೊರಗ ಬರ್ತದ."

ಇಂಥ ಗ್ಯಾರಂಟಿಯನ್ನು ನಾನು ಯಾವ ಬಂಗಾರದ ಅಂಗಡಿಯಲ್ಲೂ ಕೇಳಿರಲಿಲ್ಲ. ಆರ್ಡರು ಬರೆಯಿಸಿದೆವು. ಹೊರಡುವಾಗ ಅಂಬಿಕಾ ನನ್ನ ಡಬ್ಬಿ ತೊಳೆದುಕೊಟ್ಟು, "ಚೊಲೊ ಅದ ಉಂಗುರ ಅತ್ತಿ. ಕೆಲಸಕ್ಕ ಹೋಗುವಾಗ ತಗದ ಒಂದ ಡಬ್ಬ್ಯಾಗ ಇಡ್ತೀನಿ" ಎಂದಳು. ನಾನು ಅವಳ ಬೆನ್ನು ತಟ್ಟಿ, "ತಗಿಯೋ ಜರೂರತ್ತಽ ಇಲ್ಲವ್ವಾ, ನೋಡು ಎಷ್ಟ ಸಪಾಟ ಅದ" ಎಂದು ನಕ್ಕು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಗ್ಗೆಯೇ ನನಗೆ ಅಭಿಮಾನ. ಸೊಸೆಯ ಕೆಲಸವನ್ನು ಅರ್ಥ ಮಾಡಿಕೊಂಡು, ಅದಕ್ಕೆ ತಕ್ಕ ಸೆಟ್ಟಿಂಗ್ ಹುಡುಕಿದ ಅತ್ತೆ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ ಎಂಬ ಹುರುಪು.

ಆ ಹುರುಪು ಸಂಜೆಯವರೆಗೂ ಇಳಿದಿರಲಿಲ್ಲ. ಪಕ್ಕದ ಮನೆಯ ನಸೀಮ್ ಆಪಾ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನಮ್ಮಿಬ್ಬರ ಮನೆಗೆ ಇಪ್ಪತ್ತು ವರ್ಷದಿಂದ ಒಂದೇ ಗೋಡೆ. ಅವರು ಕೇಳುವ ಮೊದಲೇ ನಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡು ಕೂತು, ಬಸ್ಸಿನ ಅಜ್ಜಿಯಿಂದ ಹಿಡಿದು ಕಾಕಾನ ಚಿಮಟದವರೆಗೆ, ತಾಟು ಎಳೆದದ್ದು ತಳ್ಳಿದ್ದು ಎರಡನ್ನೂ, ಹುಡುಗಿ ತೆಗೆದಿಡುತ್ತೇನೆ ಎಂದದ್ದು, ನಾನು ಬಿಡದೆ ದಿನವೂ ಹಾಕಿಕೊಳ್ಳುವಂಥದ್ದನ್ನೇ ಹುಡುಕಿ ಕೊಟ್ಟದ್ದು, ಅವಳು ಮತ್ತೆ ತೆಗೆದಿಡುತ್ತೇನೆ ಎಂದದ್ದು, ನಾನು ಮತ್ತೆ ಬಿಡದಿದ್ದದ್ದು, ಎಲ್ಲವನ್ನೂ ಹೇಳಿದೆ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಆಪಾ ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ನೋಡಿ, "ಮಸ್ತ್ ಅದ" ಎಂದರು. ಇನ್ನೂ ಒಂದು ಮಾತು ಬರಲಿ ಎಂದು ನಾನು ಕಾದೆ. ಆಪಾ ಸೊಪ್ಪಿನ ದಂಟುಗಳನ್ನು ಸೆರಗಿನಿಂದ ಕೊಡವಿ, ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಹೋಗುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು:

"ಪಾಪ, ಛೋಕರಿ ಎರಡ ಸಲ ತಗದ ಇಡ್ತೀನಿ ಅಂದದಲ್ಲ ಭಾಭಿ, ಇಡ್ಲಿ ಬಿಡ್ರಿ. ನಿಶ್ಚಯ ಆಗ್ಯದ ಅಂತ ಎಮ್ಮಿಗಿ ತೋರಸ್ಬೇಕಾಗ್ಯದೇನು?"